ತುಟಿ ಮುಂದೆ, ಮಾತು ಹಿಂದೆ: ಲಿನಕ್ಸ್ ಸದ್ದಿನ ಪ್ರಶ್ನೋತ್ತರ

ಈ ಸಲ ಆರಿಸಿಕೊಂಡ ಪ್ರಶ್ನೆಗಳೆಲ್ಲ ಒಂದೇ ದೂರಿನವು: ಲಿನಕ್ಸ್ ಹಾಕಿದ ಕಂಪ್ಯೂಟರಿನಲ್ಲಿ ಸದ್ದು ತಡವಾಗಿ ಬರುತ್ತದೆ. ದೂರು ಒಂದೇ ಆದರೂ ರೋಗ ಬೇರೆಬೇರೆ. ಮೊದಲಿನಿಂದ ಕೊನೆಯವರೆಗೂ ಒಂದೇ ಅಳತೆಯ ತಡ ಇದ್ದರೆ ದಾರಿಯಲ್ಲಿ ಎಲ್ಲೋ ಬಫರ್ (ನುಡಿಸುವ ಮೊದಲು ಸದ್ದನ್ನು ಕೂಡಿಟ್ಟುಕೊಳ್ಳುವ ಜಾಗ) ದೊಡ್ಡದಾಗಿದೆ. ಮೊದಲ ಅರೆಕ್ಷಣ ಮಾತ್ರ ನುಂಗಿಹೋಗಿ ಆಮೇಲೆ ಎಲ್ಲ ಸರಿಯಾದರೆ ಸೌಂಡ್ ಕಾರ್ಡ್ ನಿದ್ದೆಯಿಂದ ಏಳುತ್ತಿದೆ. ಶುರುವಿನಲ್ಲಿ ಸರಿಯಿದ್ದು ಬರಬರುತ್ತ ಅಂತರ ಹೆಚ್ಚಿದರೆ ಎರಡು ಗಡಿಯಾರಗಳು ಹೊಂದುತ್ತಿಲ್ಲ. ನಿಮ್ಮದು ಇವುಗಳಲ್ಲಿ ಯಾವುದು ಎಂದು ಗೊತ್ತುಮಾಡಿಕೊಳ್ಳದೆ ಇಂಟರ್ನೆಟ್ಟಿನಲ್ಲಿ ಸಿಕ್ಕ ಆಜ್ಞೆಗಳನ್ನೆಲ್ಲ ಟರ್ಮಿನಲ್ಲಿಗೆ ಅಂಟಿಸಿದರೆ ಇರುವ ತೊಂದರೆಯ ಜೊತೆಗೆ ಹೊಸದೊಂದು ಸೇರಿಕೊಳ್ಳುತ್ತದೆ.

ಆಜ್ಞೆ, ಫೈಲು, ಮೆನುಗಳ ಹೆಸರನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಅಚ್ಚು ಮಾಡಿದ್ದೇವೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ. ಅಡ್ಡಗೆರೆ, ಚುಕ್ಕಿ, ಅಡಿಗೆರೆಗಳು ಇದ್ದಲ್ಲೇ ಇರಲಿ.

ಎಲ್ಲರೂ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಟರ್ಮಿನಲ್ ತೆರೆದು ‘ಪಿಎಸಿಟಿಎಲ್ ಇನ್ಫೋ’ ಎಂದು ಹೊಡೆಯಿರಿ. ಬರುವ ಸಾಲುಗಳಲ್ಲಿ ‘ಸರ್ವರ್ ನೇಮ್’ ನೋಡಿ. ಅಲ್ಲಿ ‘ಪೈಪ್‌ವೈರ್’ ಎಂಬ ಪದ ಇದ್ದರೆ ನಿಮ್ಮದು ಸದ್ದನ್ನು ನಿಭಾಯಿಸುವ ಹೊಸ ವ್ಯವಸ್ಥೆ. ಬರೀ ‘ಪಲ್ಸ್‌ಆಡಿಯೋ’ ಎಂದಿದ್ದರೆ ಹಳೆಯದು. ಫೆಡೋರಾ 2021ರಲ್ಲಿ ತನ್ನ 34ನೇ ಆವೃತ್ತಿಯಿಂದ, ಉಬುಂಟು 22.10ರಿಂದ, ಲಿನಕ್ಸ್ ಮಿಂಟ್ 2024ರ 22ನೇ ಆವೃತ್ತಿಯಿಂದ ಪೈಪ್‌ವೈರ್‌ಗೆ ಬದಲಾಗಿವೆ. ಪಲ್ಸ್‌ಆಡಿಯೋದ ಸೆಟ್ಟಿಂಗ್ ಫೈಲುಗಳನ್ನು ತಿದ್ದಿ ಎನ್ನುವ ಹಳೆಯ ಸಲಹೆಗಳನ್ನು ಪೈಪ್‌ವೈರ್ ಇರುವ ಯಂತ್ರದಲ್ಲಿ ಮಾಡಿದರೆ ಏನೂ ಆಗುವುದಿಲ್ಲ, ಏಕೆಂದರೆ ಆ ಫೈಲುಗಳನ್ನು ಓದುವವರೇ ಅಲ್ಲಿಲ್ಲ.

ಪ್ರ: ಮಿಂಟ್ 22 ಹಾಕಿದ್ದೇನೆ. ಕುತ್ತಿಗೆಗೆ ಹಾಕುವ ಬ್ಲೂಟೂತ್ ಇಯರ್‌ಫೋನಿನಲ್ಲಿ ಸಿನಿಮಾ ನೋಡಿದರೆ ತುಟಿ ಮುಚ್ಚಿದ ಮೇಲೆ ಮಾತು ಕೇಳುತ್ತದೆ. ವೈರ್ ಇರುವ ಇಯರ್‌ಫೋನಿನಲ್ಲಿ ಏನೂ ತೊಂದರೆ ಇಲ್ಲ. ಇದು ಮಿಂಟಿನ ದೋಷವೇ? ಹೆಡ್‌ಸೆಟ್ ಬದಲಿಸಬೇಕೇ?
— ಓದುಗರು, ಶಿವಮೊಗ್ಗ

ಉ: ವೈರಿನಲ್ಲಿ ಸರಿಯಿದೆ ಎಂದ ಮೇಲೆ ಸೌಂಡ್ ಕಾರ್ಡ್, ಪೈಪ್‌ವೈರ್, ಪ್ಲೇಯರ್ ಮೂರನ್ನೂ ಬಿಟ್ಟುಬಿಡಿ. ತಡವಾಗುತ್ತಿರುವುದು ಬ್ಲೂಟೂತ್ ಹಾದಿಯಲ್ಲಿ. ಕಂಪ್ಯೂಟರ್ ಸದ್ದನ್ನು ಸಾಮಾನ್ಯವಾಗಿ ಎಸ್‌ಬಿಸಿ ಎಂಬ ಕೋಡೆಕ್‌ನಲ್ಲಿ ಅಡಕಮಾಡಿ ಕಳಿಸುತ್ತದೆ. ಇಯರ್‌ಫೋನ್ ಅದನ್ನು ಬಿಡಿಸಿ, ನಡುವೆ ಒಂದೆರಡು ಪ್ಯಾಕೆಟ್ ಕಳೆದರೂ ಸದ್ದು ಕಡಿಯದಿರಲಿ ಎಂದು ಒಂದಿಷ್ಟನ್ನು ಕೂಡಿಟ್ಟುಕೊಂಡು ಆಮೇಲೆ ನುಡಿಸುತ್ತದೆ. ಎಲ್ಲ ಸೇರಿ ಸಾಮಾನ್ಯವಾಗಿ 150ರಿಂದ 250 ಮಿಲಿಸೆಕೆಂಡ್. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ 1998ರ ಶಿಫಾರಸಿನ ಪ್ರಕಾರ ಮಾತು ಚಿತ್ರಕ್ಕಿಂತ ಸುಮಾರು 125 ಮಿಲಿಸೆಕೆಂಡ್ ಹಿಂದೆ ಬಿದ್ದಾಗ ನೋಡುಗರಿಗೆ ಗೊತ್ತಾಗತೊಡಗುತ್ತದೆ. ನಿಮ್ಮ ಇಯರ್‌ಫೋನ್ ಆ ಗೆರೆಯನ್ನು ದಾಟಿದೆ.

ಒಳ್ಳೆಯ ಸುದ್ದಿ ಎಂದರೆ ಸಿನಿಮಾಕ್ಕೆ ಈ ತಡವನ್ನು ಕಳೆಯಲೇಬೇಕೆಂದಿಲ್ಲ, ಚಿತ್ರವನ್ನೂ ಅಷ್ಟೇ ತಡಮಾಡಿದರೆ ಸಾಕು. ಪ್ಲೇಯರ್ ಮಾಡುವುದೂ ಅದನ್ನೇ: ‘ಸದ್ದು ಕಿವಿಗೆ ಮುಟ್ಟಲು ಎಷ್ಟು ಹೊತ್ತು ಬೇಕು’ ಎಂದು ಪೈಪ್‌ವೈರನ್ನು ಕೇಳಿ ಚಿತ್ರವನ್ನು ಅಷ್ಟು ಹೊತ್ತು ಹಿಡಿದಿಡುತ್ತದೆ. ತೊಂದರೆ ಏನೆಂದರೆ, ಇಯರ್‌ಫೋನಿನ ಒಳಗೆ ಎಷ್ಟು ತಡವಾಗುತ್ತದೆ ಎಂಬ ಲೆಕ್ಕ ಕಂಪ್ಯೂಟರಿಗೆ ಸರಿಯಾಗಿ ಸಿಗುವುದಿಲ್ಲ. ಆ ಲೆಕ್ಕವನ್ನು ನಾವೇ ಕೊಡಬೇಕು.

ಅಳೆಯುವುದು ಹೀಗೆ. ವಿಎಲ್‌ಸಿ ಪ್ಲೇಯರಿನಲ್ಲಿ, ಯಾರಾದರೂ ಚಪ್ಪಾಳೆ ತಟ್ಟುವ ಅಥವಾ ಕ್ಯಾಮೆರಾಕ್ಕೆ ಎದುರಾಗಿ ಮಾತಾಡುವ ವಿಡಿಯೋ ಹಾಕಿ. ‘ಜೆ’ ಕೀ ಒತ್ತಿದಷ್ಟು ಸಲ ಸದ್ದು 50 ಮಿಲಿಸೆಕೆಂಡ್ ಮುಂದಕ್ಕೆ ಬರುತ್ತದೆ, ‘ಕೆ’ ಒತ್ತಿದರೆ ಹಿಂದಕ್ಕೆ ಹೋಗುತ್ತದೆ. ಒಟ್ಟು ಎಷ್ಟಾಯಿತು ಎಂದು ಪರದೆಯ ಮೇಲೆಯೇ ತೋರಿಸುತ್ತದೆ. ಅಂಗೈ ಕೂಡುವುದೂ ಸದ್ದೂ ಒಂದಾಗುವವರೆಗೆ ‘ಜೆ’ ಒತ್ತಿ, ಆ ಅಂಕಿ ಬರೆದುಕೊಳ್ಳಿ. 200 ಬಂತು ಎನ್ನಿ. ಈಗ ವಿಎಲ್‌ಸಿಯನ್ನು ಮತ್ತೆ ಸೊನ್ನೆಗೆ ತನ್ನಿ. ‘ಪಾವುಕಂಟ್ರೋಲ್’ ಎಂಬ ಪುಟ್ಟ ತಂತ್ರಾಂಶವನ್ನು ಸಾಫ್ಟ್‌ವೇರ್ ಮ್ಯಾನೇಜರಿನಿಂದ ಹಾಕಿಕೊಂಡು ತೆರೆಯಿರಿ (ಮೆನುವಿನಲ್ಲಿ ‘ಪಲ್ಸ್‌ಆಡಿಯೋ ವಾಲ್ಯೂಮ್ ಕಂಟ್ರೋಲ್’ ಎಂದು ಕಾಣುತ್ತದೆ, ಹೆಸರು ಹಳೆಯದಾದರೂ ಪೈಪ್‌ವೈರಿಗೂ ನಡೆಯುತ್ತದೆ). ‘ಔಟ್‌ಪುಟ್ ಡಿವೈಸಸ್’ ಪುಟದಲ್ಲಿ ನಿಮ್ಮ ಇಯರ್‌ಫೋನಿನ ಕೆಳಗೆ ‘ಅಡ್ವಾನ್ಸ್‌ಡ್’ ತೆರೆದರೆ ‘ಲೇಟೆನ್ಸಿ ಆಫ್‌ಸೆಟ್’ ಚೌಕ ಇದೆ. ಅಲ್ಲಿ 200 ತುಂಬಿ. ಮೈನಸ್ ಹಾಕಬೇಡಿ, ಹಲವರು ಎಡವುವುದು ಇಲ್ಲೇ. ಈ ಅಂಕಿ ಸದ್ದನ್ನು ಹಿಂದೆ ಮುಂದೆ ತಳ್ಳುವುದಿಲ್ಲ. ‘ಈ ಸಾಧನ ಇನ್ನೂ 200 ಮಿಲಿಸೆಕೆಂಡ್ ತಡ’ ಎಂದು ಪ್ಲೇಯರುಗಳಿಗೆ ತಿಳಿಸುತ್ತದೆ, ಅಷ್ಟೇ. ಆದ್ದರಿಂದ ತಡಕ್ಕೆ ಯಾವಾಗಲೂ ಪ್ಲಸ್. ಒಮ್ಮೆ ಇಟ್ಟರೆ ಆ ಇಯರ್‌ಫೋನಿಗೆ ನೆನಪಿರುತ್ತದೆ. ಫೈರ್‌ಫಾಕ್ಸ್, ಕ್ರೋಮ್‌ನಲ್ಲಿ ನೋಡುವ ಯೂಟ್ಯೂಬ್ ಕೂಡ ಸಾಮಾನ್ಯವಾಗಿ ಇದರಿಂದಲೇ ಸರಿಹೋಗುತ್ತದೆ.

ಆಟಕ್ಕೆ ಈ ಉಪಾಯ ಇಲ್ಲ. ಗುಂಡು ಹಾರಿಸುವ ಹೊತ್ತನ್ನು ಆಟ ಮೊದಲೇ ತಿಳಿದಿರುವುದಿಲ್ಲವಲ್ಲ, ಚಿತ್ರ ಹಿಡಿದಿಡುವುದು ಹೇಗೆ? ಆಡುವುದಾದರೆ ವೈರ್ ಇಯರ್‌ಫೋನ್, ಇಲ್ಲವೇ ತನ್ನದೇ ಯುಎಸ್‌ಬಿ ಡಾಂಗಲ್ ಜೊತೆ ಬರುವ 2.4 ಗಿಗಾಹರ್ಟ್ಸ್ ಹೆಡ್‌ಸೆಟ್. ಕೋಡೆಕ್ ಬದಲಿಸಿ ನೋಡುವೆ ಎನ್ನುವವರಿಗೆ: ‘ಎಸ್‌ಬಿಸಿ-ಎಕ್ಸ್‌ಕ್ಯೂ’ ಗುಣಮಟ್ಟ ಹೆಚ್ಚಿಸಬಹುದು, ತಡವನ್ನು ಇಳಿಸುವುದಿಲ್ಲ.

ಇನ್ನೊಂದು ಗಮನಿಸಿ. ಮೀಟಿಂಗ್ ಶುರುವಾದ ಕೂಡಲೇ ಇಯರ್‌ಫೋನಿನ ಸದ್ದು ಹಳೇ ಟೆಲಿಫೋನಿನಂತಾದರೆ ಅದು ಕರೆಯ ಪ್ರೊಫೈಲಿಗೆ ಹಾರಿದೆ ಎಂದರ್ಥ. ಅದರಲ್ಲಿ ಮೈಕು ಕೆಲಸ ಮಾಡುತ್ತದೆ, ಸದ್ದು ಮಾತ್ರ ಮೋನೋ, ಸಾಮಾನ್ಯವಾಗಿ ಹೆಚ್ಚೆಂದರೆ 16 ಕಿಲೋಹರ್ಟ್ಸ್. ಮೀಟಿಂಗ್ ತಂತ್ರಾಂಶದಲ್ಲಿ ಮೈಕಾಗಿ ಲ್ಯಾಪ್‌ಟಾಪಿನ ಮೈಕನ್ನೇ ಆರಿಸಿ, ಪಾವುಕಂಟ್ರೋಲಿನ ‘ಕಾನ್ಫಿಗರೇಷನ್’ ಪುಟದಲ್ಲಿ ಎ2ಡಿಪಿ (ಹಾಡು, ಸಿನಿಮಾ ಕೇಳುವ) ಪ್ರೊಫೈಲಿಗೆ ಮರಳಿ. ಸದ್ದು ತಡವಾಗುವುದರ ಜೊತೆಗೆ ತುಂಡುತುಂಡಾಗಿಯೂ ಬರುತ್ತಿದ್ದರೆ ಬ್ಲೂಟೂತ್ ಡಾಂಗಲನ್ನು ನೀಲಿ ಬಣ್ಣದ ಯುಎಸ್‌ಬಿ 3 ಕಿಂಡಿಯಿಂದ ದೂರವಿಡಿ: ಆ ಕಿಂಡಿಗಳ ಗದ್ದಲ 2.4 ಗಿಗಾಹರ್ಟ್ಸ್ ಪಟ್ಟಿಗೇ ಬೀಳುತ್ತದೆ. ಒಂದು ಮೊಳ ಉದ್ದದ ಯುಎಸ್‌ಬಿ ಎಕ್ಸ್‌ಟೆನ್ಷನ್ ವೈರ್ ಸಾಕಾಗುತ್ತದೆ. ಹೆಡ್‌ಸೆಟ್ ಬದಲಿಸುವುದು ಇದೆಲ್ಲ ಆದ ಮೇಲೆ.

ಪ್ರ: ನನಗೆ ದೃಷ್ಟಿ ಇಲ್ಲ. ಉಬುಂಟು 24.04ರಲ್ಲಿ ಓರ್ಕಾ ಪರದೆ ಓದುಗ ಬಳಸುತ್ತೇನೆ, ಧ್ವನಿ ಈಸ್ಪೀಕ್‌ನದು. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಕೀ ಒತ್ತಿದರೆ ಮಾತು ತಡವಾಗಿ ಶುರುವಾಗುತ್ತದೆ, ಮೊದಲ ಅಕ್ಷರವೇ ಇರುವುದಿಲ್ಲ. ‘ಉಳಿಸಿ’ ಎಂಬುದು ‘ಳಿಸಿ’ ಎಂದು ಕೇಳುತ್ತದೆ. ‘ಅಳಿಸಿ’ ಕೂಡ ‘ಳಿಸಿ’ಯೇ. ಯಾವ ಗುಂಡಿ ಮೇಲೆ ಇದ್ದೇನೆಂದು ತಿಳಿಯುವುದು ಹೇಗೆ?
— ಓದುಗರು, ಮೈಸೂರು

ಉ: ನಿಮ್ಮ ವರ್ಣನೆಯಲ್ಲೇ ಉತ್ತರ ಇದೆ: ‘ಸ್ವಲ್ಪ ಹೊತ್ತು ಸುಮ್ಮನಿದ್ದು’. ಓರ್ಕಾದ್ದಾಗಲಿ ಈಸ್ಪೀಕ್‌ನದಾಗಲಿ ತಪ್ಪಿಲ್ಲ, ಧ್ವನಿ ಬದಲಿಸಿದರೂ ಪ್ರಯೋಜನವಾಗದು. ಖಚಿತಪಡಿಸಿಕೊಳ್ಳಲು ಯಾವುದಾದರೂ ಹಾಡನ್ನು ತೀರಾ ಸಣ್ಣಗೆ ಹಿನ್ನೆಲೆಯಲ್ಲಿ ಬಿಟ್ಟು ಕೆಲಸ ಮಾಡಿ. ಹಾಡು ಇರುವಷ್ಟು ಹೊತ್ತು ಮೊದಲಕ್ಷರ ಸರಿಯಾಗಿ ಕೇಳಿದರೆ ನಿದ್ದೆಯೇ ಕಾರಣ.

ವಿದ್ಯುತ್ ಉಳಿಸಲು ನಿಮ್ಮ ಯಂತ್ರದಲ್ಲಿ ಎರಡು ಮಟ್ಟದಲ್ಲಿ ಸದ್ದನ್ನು ಮಲಗಿಸಲಾಗುತ್ತದೆ. ಒಂದು ಕರ್ನಲ್‌ನ, ಅಂದರೆ ಲಿನಕ್ಸ್ ತಿರುಳಿನ, ಚಾಲಕ (ಡ್ರೈವರ್). ಸೌಂಡ್ ಚಿಪ್ಪಿನ ವಿದ್ಯುತ್ತನ್ನೇ ಅದು ತೆಗೆಯುತ್ತದೆ. ಇನ್ನೊಂದು ವೈರ್‌ಪ್ಲಂಬರ್, ಅಂದರೆ ಪೈಪ್‌ವೈರಿನ ಮೇಸ್ತ್ರಿ. 5 ಸೆಕೆಂಡ್ ಯಾರೂ ಸದ್ದು ಮಾಡದಿದ್ದರೆ ಅದು ಸಾಧನವನ್ನು ಮುಚ್ಚುತ್ತದೆ. ಎರಡನ್ನೂ ನಿಲ್ಲಿಸಬೇಕು. ಒಂದನ್ನು ಮಾತ್ರ ನಿಲ್ಲಿಸಿ ‘ಏನೂ ಆಗಲಿಲ್ಲ’ ಎನ್ನುವವರೇ ಹೆಚ್ಚು.

ಮೊದಲನೆಯದನ್ನು ತಾತ್ಕಾಲಿಕವಾಗಿ ಪರೀಕ್ಷಿಸಲು ಟರ್ಮಿನಲ್ಲಿನಲ್ಲಿ:

ಎಕೋ 0 | ಸುಡೋ ಟೀ /ಸಿಸ್/ಮಾಡ್ಯೂಲ್/ಎಸ್‌ಎನ್‌ಡಿ_ಎಚ್‌ಡಿಎ_ಇಂಟೆಲ್/ಪ್ಯಾರಾಮೀಟರ್ಸ್/ಪವರ್_ಸೇವ್

ಹೆಸರಲ್ಲಿ ಇಂಟೆಲ್ ಇದ್ದರೂ ಎಎಮ್‌ಡಿ ಯಂತ್ರಗಳಿಗೂ ಇದೇ ಚಾಲಕ. ಅಲ್ಲಿನ ಅಂಕಿ, ಎಷ್ಟು ಸೆಕೆಂಡ್ ಸುಮ್ಮನಿದ್ದರೆ ಮಲಗಿಸಬೇಕು ಎಂಬುದು. 0 ಎಂದರೆ ಮಲಗಿಸಲೇಬೇಡ. ಇದನ್ನು ಶಾಶ್ವತಗೊಳಿಸುವುದು ಹೀಗೆ: /ಇಟಿಸಿ/ಮಾಡ್‌ಪ್ರೋಬ್.ಡಿ/ ಕಡತಕೋಶದಲ್ಲಿ (ಫೋಲ್ಡರಿನಲ್ಲಿ) ‘ಸದ್ದು.ಕಾನ್ಫ್’ ಎಂಬ ಹೊಸ ಫೈಲು ಮಾಡಿ (ಮೊದಲ ಭಾಗಕ್ಕೆ ಯಾವ ಹೆಸರಾದರೂ ಸರಿ), ಅದರಲ್ಲಿ ಒಂದೇ ಸಾಲು: ‘ಆಪ್ಷನ್ಸ್ ಎಸ್‌ಎನ್‌ಡಿ_ಎಚ್‌ಡಿಎ_ಇಂಟೆಲ್ ಪವರ್_ಸೇವ್=0’. ಉಳಿಸಿ, ಯಂತ್ರವನ್ನು ಮತ್ತೆ ಶುರುಮಾಡಿ. ಬ್ಯಾಟರಿ ಉಳಿಸುವ ಟಿಎಲ್‌ಪಿ ತಂತ್ರಾಂಶ ಹಾಕಿಕೊಂಡಿದ್ದರೆ ಅದು ಈ ಅಂಕಿಯನ್ನು ಮತ್ತೆ 1 ಮಾಡಿಬಿಡಬಹುದು, /ಇಟಿಸಿ/ಟಿಎಲ್‌ಪಿ.ಕಾನ್ಫ್ ಫೈಲಿನಲ್ಲಿ ‘ಸೌಂಡ್_ಪವರ್_ಸೇವ್_ಆನ್’ ಎಂದು ಶುರುವಾಗುವ ಎರಡು ಸಾಲುಗಳಿವೆ, ಕರೆಂಟಿಗೆ ಒಂದು, ಬ್ಯಾಟರಿಗೆ ಒಂದು. ಅವು ಮಾತ್ರ ಇಂಗ್ಲಿಷ್ ದೊಡ್ಡಕ್ಷರದಲ್ಲಿರುತ್ತವೆ. ಎರಡಕ್ಕೂ 0 ಕೊಡಿ, ಸಾಲಿನ ಮುಂದೆ ಹ್ಯಾಷ್ ಚಿಹ್ನೆ ಇದ್ದರೆ ತೆಗೆಯಿರಿ. ‘ಎಪ್ಲೇ -ಎಲ್’ ಎಂದು ಕೊಟ್ಟಾಗ ಕಾರ್ಡಿನ ಹೆಸರಿನಲ್ಲಿ ‘ಸೋಫ್’ ಎಂದು ಬಂದರೆ ನಿಮ್ಮದು ಈಚಿನ ಇಂಟೆಲ್ ಲ್ಯಾಪ್‌ಟಾಪ್, ಚಾಲಕ ಬೇರೆ. ಆಗ ನೇರ ಮುಂದಿನ ಹಂತಕ್ಕೆ ಹೋಗಿ.

ಎರಡನೆಯದು ವೈರ್‌ಪ್ಲಂಬರ್. ಉಬುಂಟು 24.04ರಲ್ಲಿರುವುದು ಅದರ 0.4 ಸರಣಿ, ಅದರ ಸೆಟ್ಟಿಂಗುಗಳು ಲುವಾ ಭಾಷೆಯ ಫೈಲುಗಳಲ್ಲಿವೆ. /ಯುಎಸ್‌ಆರ್/ಶೇರ್/ವೈರ್‌ಪ್ಲಂಬರ್/ಮೇನ್.ಲುವಾ.ಡಿ/ ಒಳಗಿನ ‘50-ಎಎಲ್‌ಎಸ್‌ಎ-ಕಾನ್ಫಿಗ್.ಲುವಾ’ ಫೈಲನ್ನು ನಿಮ್ಮ ಮನೆ ಕಡತಕೋಶದ ‘.ಕಾನ್ಫಿಗ್/ವೈರ್‌ಪ್ಲಂಬರ್/ಮೇನ್.ಲುವಾ.ಡಿ’ ಒಳಗೆ ನಕಲಿಸಿ. ಆ ಕಡತಕೋಶ ಇಲ್ಲದಿದ್ದರೆ ಮಾಡಿಕೊಳ್ಳಿ. ನಕಲನ್ನು ಎಡಿಟರಿನಲ್ಲಿ ತೆರೆದು ‘ಸಸ್ಪೆಂಡ್’ ಎಂದು ಹುಡುಕಿ. ‘ಸೆಷನ್.ಸಸ್ಪೆಂಡ್-ಟೈಮ್‌ಔಟ್-ಸೆಕೆಂಡ್ಸ್’ ಸಿಗುತ್ತದೆ, ಎದುರಿಗೆ 5 ಇರುತ್ತದೆ. ಸಾಲಿನ ಆರಂಭದಲ್ಲಿ ಎರಡು ಅಡ್ಡಗೆರೆ ಇವೆ, ಅಂದರೆ ಆ ಸಾಲು ಸದ್ಯ ನಿಷ್ಕ್ರಿಯ. ಅಡ್ಡಗೆರೆ ಎರಡನ್ನೂ ಅಳಿಸಿ, 5ರ ಜಾಗದಲ್ಲಿ 0 ಹಾಕಿ, ಉಳಿದ ಬ್ರಾಕೆಟ್ಟು, ಅಲ್ಪವಿರಾಮ ಮುಟ್ಟಬೇಡಿ. ಆಮೇಲೆ:

ಸಿಸ್ಟಮ್‌ಸಿಟಿಎಲ್ --ಯೂಸರ್ ರೀಸ್ಟಾರ್ಟ್ ವೈರ್‌ಪ್ಲಂಬರ್

ಓರ್ಕಾ ಒಂದು ಕ್ಷಣ ಮೌನವಾಗಿ ಮತ್ತೆ ಮಾತಾಡಬೇಕು. ಹಾಗೆಯೇ ಮೌನವಾಗಿ ಉಳಿದರೆ ಫೈಲಿನಲ್ಲಿ ಎಲ್ಲೋ ಅಲ್ಪವಿರಾಮ ಹಾರಿಹೋಗಿದೆ. ನಕಲನ್ನು ಅಳಿಸಿ ಅದೇ ಆಜ್ಞೆ ಮತ್ತೆ ಕೊಟ್ಟರೆ ಮೊದಲಿನ ಸ್ಥಿತಿ. ನೋಡಲಾಗದವರ ಯಂತ್ರದಲ್ಲಿ ಸದ್ದು ಹೋದರೆ ಪರದೆಯೇ ಹೋದಂತೆ, ಆದ್ದರಿಂದ ಈ ಒಂದು ಹಂತದಲ್ಲಿ ಪಕ್ಕದಲ್ಲಿ ಯಾರಾದರೂ ಇರಲಿ. ಡೆಬಿಯನ್ 13, ಈಚಿನ ಫೆಡೋರಾಗಳಲ್ಲಿ ವೈರ್‌ಪ್ಲಂಬರ್ 0.5 ಸರಣಿ ಇದೆ. ಅಲ್ಲಿ ಲುವಾ ಫೈಲುಗಳನ್ನು ಓದುವುದೇ ಇಲ್ಲ, ಇದೇ ಗುಣಲಕ್ಷಣವನ್ನು ‘ವೈರ್‌ಪ್ಲಂಬರ್.ಕಾನ್ಫ್.ಡಿ’ ಕಡತಕೋಶದಲ್ಲಿ ‘ಮಾನಿಟರ್.ಎಎಲ್‌ಎಸ್‌ಎ.ರೂಲ್ಸ್’ ನಿಯಮವಾಗಿ ಬರೆಯಬೇಕು.

ಬ್ಯಾಟರಿ ಸ್ವಲ್ಪ ಬೇಗ ಇಳಿಯಬಹುದು. ಪರದೆ ಓದುಗ ಬಳಸುವವರಿಗೆ ಇದು ಕೊಡಬೇಕಾದ ಬೆಲೆಯೇ. ಎಚ್‌ಡಿಎಮ್‌ಐ ವೈರಿನಲ್ಲಿ ಮಾನಿಟರಿನ ಸ್ಪೀಕರ್ ಬಳಸುವವರಿಗೂ ಈ ಎರಡನೇ ಹಂತ ಉಪಯೋಗಕ್ಕೆ ಬರುತ್ತದೆ. ಕೆಲವು ಮಾನಿಟರುಗಳು ಸದ್ದಿನ ಸಂಕೇತ ನಿಂತು ಮತ್ತೆ ಬಂದಾಗ ಅದನ್ನು ಹಿಡಿದುಕೊಳ್ಳಲು ಒಂದೆರಡು ಸೆಕೆಂಡ್ ತೆಗೆದುಕೊಳ್ಳುತ್ತವೆ.

ಪ್ರ: ಹಿಂದೂಸ್ತಾನಿ ಗಾಯನ ಕಲಿಯುತ್ತಿದ್ದೇನೆ. ಯುಎಸ್‌ಬಿ ಆಡಿಯೋ ಇಂಟರ್‌ಫೇಸಿಗೆ ಮೈಕು ಹಾಕಿ, ತಾನ್ಪುರ ಮತ್ತು ತಬಲಾ ಟ್ರ್ಯಾಕ್ ಕೇಳುತ್ತ ಆರ್ಡರ್ ಎಂಬ ತಂತ್ರಾಂಶದಲ್ಲಿ ರೆಕಾರ್ಡ್ ಮಾಡುತ್ತೇನೆ. ಹೆಡ್‌ಫೋನಿನಲ್ಲಿ ನನ್ನದೇ ದನಿ ಹಿಂದಿನಿಂದ ಬಂದಂತೆ ಕೇಳುತ್ತದೆ, ತಾನ್ ಹಾಡಲು ಆಗುವುದಿಲ್ಲ. ಉಬುಂಟು, ಪೈಪ್‌ವೈರ್.
— ಓದುಗರು, ಧಾರವಾಡ

ಉ: ಮೊದಲು ಇಂಟರ್‌ಫೇಸಿನ ಮುಖದ ಮೇಲೆ ‘ಡೈರೆಕ್ಟ್ ಮಾನಿಟರ್’ ಎಂಬ ಗುಂಡಿಯೋ ‘ಮಿಕ್ಸ್’ ಎಂಬ ತಿರುಗಣೆಯೋ ಇದೆಯೇ ನೋಡಿ. ಇದ್ದರೆ ಅದನ್ನು ಹಚ್ಚಿ, ಆರ್ಡರ್‌ನಲ್ಲಿ ಆ ಟ್ರ್ಯಾಕಿನ ಇನ್‌ಪುಟ್ ಮಾನಿಟರಿಂಗ್ ಬಂದ್ ಮಾಡಿ. ಆಗ ನಿಮ್ಮ ದನಿ ಕಂಪ್ಯೂಟರಿಗೆ ಹೋಗಿ ಬರದೆ ಇಂಟರ್‌ಫೇಸಿನಿಂದಲೇ ಕಿವಿಗೆ ಬರುತ್ತದೆ, ತಡ ಇಲ್ಲವೆನ್ನುವಷ್ಟು ಕಡಿಮೆ. ಎರಡನ್ನೂ ಹಚ್ಚಿಟ್ಟರೆ ದನಿ ಎರಡೆರಡು ಕೇಳಿ ಇನ್ನೂ ಹಿಂಸೆ. ದನಿಗೆ ರಿವರ್ಬ್ (ಮಾರ್ದನಿ) ಹಾಕಿಕೊಂಡೇ ಕೇಳಬೇಕೆಂಬ ಹಟ ಇಲ್ಲದವರಿಗೆ ಇದಕ್ಕಿಂತ ಒಳ್ಳೆಯ ಪರಿಹಾರ ಬೇರಿಲ್ಲ.

ಹಟ ಇದ್ದರೆ ಬಫರಿನ ಲೆಕ್ಕ ಬೇಕು. ಪೈಪ್‌ವೈರ್ ಸದ್ದನ್ನು ಕಂತಿನಲ್ಲಿ ಸಾಗಿಸುತ್ತದೆ, ಆ ಕಂತಿಗೆ ಕ್ವಾಂಟಮ್ ಎಂದು ಹೆಸರು. ಸಾಮಾನ್ಯವಾಗಿ 1024 ಸ್ಯಾಂಪಲ್ (ಸದ್ದಿನ ಅಲೆಯ ಬಿಡಿ ಅಳತೆಗಳು). ಸೆಕೆಂಡಿಗೆ 48,000 ಸ್ಯಾಂಪಲ್ ಆದರೆ ಒಂದು ಕಂತು 21.3 ಮಿಲಿಸೆಕೆಂಡ್. ದನಿ ಒಳಗೆ ಬರಲು ಒಂದು ಕಂತು, ಹೊರಗೆ ಹೋಗಲು ಒಂದು, ಜೊತೆಗೆ ಯುಎಸ್‌ಬಿ ಮತ್ತು ಪರಿವರ್ತಕಗಳ ಪಾಲು: 50 ಮಿಲಿಸೆಕೆಂಡಿನ ಹತ್ತಿರ ಆಯಿತು. ಗಾಳಿಯಲ್ಲಿ ಸದ್ದು ಸೆಕೆಂಡಿಗೆ 343 ಮೀಟರ್ ಓಡುವ ಲೆಕ್ಕದಲ್ಲಿ 50 ಮಿಲಿಸೆಕೆಂಡ್ ಎಂದರೆ ತಬಲಾದವರು ನಿಮ್ಮಿಂದ 17 ಮೀಟರ್ ದೂರ, ಸಭಾಂಗಣದ ಹಿಂದಿನ ಸಾಲಿನಲ್ಲಿ ಕೂತು ನುಡಿಸಿದಂತೆ. ದ್ರುತ್ ಲಯದಲ್ಲಿ ಹಾಡಲಾಗದೆ ಇರುವುದು ಸಹಜ. ಕಂತನ್ನು 256 ಮಾಡಿದರೆ 5.3 ಮಿಲಿಸೆಕೆಂಡ್, 128ಕ್ಕೆ 2.7. ಹೋಗಿಬರುವ ಒಟ್ಟು ತಡ 10ರ ಆಸುಪಾಸು ಬಂದರೆ ಹಾಡುವವರಿಗೆ ಹಿಡಿತ ಸಿಗುತ್ತದೆ.

ಫೈಲು ಮುಟ್ಟದೆ, ನಡೆಯುತ್ತಿರುವಾಗಲೇ ಬದಲಿಸುವ ಆಜ್ಞೆ:

ಪಿಡಬ್ಲ್ಯು-ಮೆಟಾಡೇಟಾ -ಎನ್ ಸೆಟ್ಟಿಂಗ್ಸ್ 0 ಕ್ಲಾಕ್.ಫೋರ್ಸ್-ಕ್ವಾಂಟಮ್ 256

ಕೆಲಸ ಮುಗಿದ ಮೇಲೆ 256ರ ಜಾಗದಲ್ಲಿ 0 ಕೊಟ್ಟರೆ ಬಲವಂತ ಬಿಟ್ಟು ಮೊದಲಿನಂತೆ. ಇನ್ನೊಂದು ಟರ್ಮಿನಲ್ಲಿನಲ್ಲಿ ‘ಪಿಡಬ್ಲ್ಯು-ಟಾಪ್’ ಓಡಿಸಿಟ್ಟು ನೋಡುತ್ತಿರಿ. ‘ಕ್ವಾಂಟ್’ ಕಂಬದಲ್ಲಿ 256 ಕಾಣಬೇಕು. ‘ರೇಟ್’ ಕಂಬದಲ್ಲಿ 48000. ಮುಖ್ಯವಾದದ್ದು ‘ಇಆರ್‌ಆರ್’ ಕಂಬ. ಅಲ್ಲಿನ ಅಂಕಿ ಸದ್ದು ಶುರುವಾದಾಗ ಒಂದೆರಡು ಹೆಚ್ಚುವುದು ಪರವಾಗಿಲ್ಲ. ಹಾಡುತ್ತಿರುವಾಗ ಏರುತ್ತಲೇ ಹೋದರೆ ಕಂತು ಮುಗಿಯುವುದರೊಳಗೆ ಯಂತ್ರಕ್ಕೆ ಕೆಲಸ ಮುಗಿಸಲಾಗುತ್ತಿಲ್ಲ, ಕಿವಿಗೆ ಚಿಟಪಟ ಕೇಳುತ್ತದೆ. ಆಗ ಒಂದು ಮೆಟ್ಟಿಲು ಮೇಲೆ ಹೋಗಿ: 128 ಆಗದಿದ್ದರೆ 256, ಅದೂ ಆಗದಿದ್ದರೆ 512. ನಮ್ಮ ಅಭಿಪ್ರಾಯದಲ್ಲಿ ದನಿ ರೆಕಾರ್ಡಿಗೆ 128ಕ್ಕಿಂತ ಕೆಳಗೆ ಹೋಗುವುದು ಬರೀ ಅಂಕಿಯ ಖುಷಿ.

ಕಂತು ಇಳಿಸಿದಾಗ ಚಿಟಪಟ ಬಂದರೆ ಹುಡುಕಬೇಕಾದ ಜಾಗಗಳು: ಇಂಟರ್‌ಫೇಸನ್ನು ಯುಎಸ್‌ಬಿ ಹಬ್ಬಿನಿಂದ ಬಿಡಿಸಿ ನೇರ ಯಂತ್ರಕ್ಕೆ ಸಿಕ್ಕಿಸಿ. ಪವರ್ ಮೋಡ್ ‘ಪರ್ಫಾರ್ಮೆನ್ಸ್’ಗೆ ಇಡಿ. ‘ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಆರ್‌ಟಿಕಿಟ್-ಡೀಮನ್’ ಕೊಟ್ಟು ಅದು ‘ಆ್ಯಕ್ಟಿವ್’ ಇದೆಯೇ ನೋಡಿ. ಸದ್ದಿನ ಕೆಲಸಕ್ಕೆ ಉಳಿದ ಕೆಲಸಗಳಿಗಿಂತ ಮೊದಲ ಸರದಿ ಕೊಡಿಸುವುದು ಅದೇ. ಬ್ರೌಸರ್ ಮುಚ್ಚಿ.

ರೆಕಾರ್ಡ್ ಆದ ದನಿ ತಬಲಾದಿಂದ ಸರಿದು ಕೂತಿದ್ದರೆ ಅದು ಬೇರೆ ವಿಷಯ. ಇಂಟರ್‌ಫೇಸಿನ ಔಟ್‌ಪುಟ್ಟಿನಿಂದ ಇನ್‌ಪುಟ್ಟಿಗೆ ಒಂದು ಕೇಬಲ್ ಸುತ್ತುಹಾಕಿ, ಆರ್ಡರ್‌ನ ಆಡಿಯೋ ಸೆಟಪ್ ಕಿಟಕಿಯ ‘ಕ್ಯಾಲಿಬ್ರೇಟ್’ ಓಡಿಸಿದರೆ ಹೋಗಿಬರುವ ತಡವನ್ನು ಅಳೆದು ತಾನೇ ಕಳೆಯುತ್ತದೆ. ಕೇಬಲ್ ಹಾಕುವ ಮೊದಲು ಹೆಡ್‌ಫೋನ್ ತೆಗೆದಿಡಿ. ಪರೀಕ್ಷೆಯ ಸದ್ದು ಕಿವಿಗೆ ಹಿತವಲ್ಲ. ಬಫರ್ ಅಳತೆ ಬದಲಿಸಿದಾಗಲೆಲ್ಲ ಮತ್ತೆ ಅಳೆಯಬೇಕು.

ಪ್ರ: ಯಕ್ಷಗಾನದ ರಾತ್ರಿಯಿಡೀ ಪ್ರಸಂಗವನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿ, ಸದ್ದನ್ನು ಬೇರೆ ರೆಕಾರ್ಡರಿನಲ್ಲಿ ತೆಗೆದೆವು. ಕೆಡೆನ್‌ಲೈವ್ ಎಂಬ ವಿಡಿಯೋ ಎಡಿಟರಿನಲ್ಲಿ ಶುರುವಿನಲ್ಲಿ ಕೂಡಿಸಿದರೆ ಸರಿಯಾಗುತ್ತದೆ. ಮೂರು ಗಂಟೆ ಕಳೆಯುವಷ್ಟರಲ್ಲಿ ಚಂಡೆಯ ಪೆಟ್ಟು ಕಂಡ ಮೇಲೆ ಸದ್ದು ಬರುತ್ತದೆ.
— ಓದುಗರು, ಕುಂದಾಪುರ

ಉ: ಪೈಪ್‌ವೈರಿನಲ್ಲಿ ಏನು ತಿದ್ದಿದರೂ ಇದು ಸರಿಯಾಗದು, ತಡ ಫೈಲುಗಳಲ್ಲೇ ಇದೆ. ಮೊಬೈಲು ಮತ್ತು ರೆಕಾರ್ಡರು ತಂತಮ್ಮ ಹರಳಿನ ಗಡಿಯಾರದ ಮೇಲೆ ನಡೆಯುತ್ತವೆ. ಎರಡರ ನಡುವೆ ಹತ್ತು ಲಕ್ಷಕ್ಕೆ 50ರ ವ್ಯತ್ಯಾಸ ಇದ್ದರೆ ಗಂಟೆಗೆ 180 ಮಿಲಿಸೆಕೆಂಡ್ ಸರಿಯುತ್ತದೆ, ಎಂಟು ಗಂಟೆಯ ಆಟಕ್ಕೆ ಸುಮಾರು ಒಂದೂವರೆ ಸೆಕೆಂಡ್.

ಆದರೆ ಅದಕ್ಕೂ ಮೊದಲು ವಿಡಿಯೋ ನೋಡಿ. ಮೊಬೈಲುಗಳು ಬೆಳಕು ಕಡಿಮೆಯಾದಾಗ ಸೆಕೆಂಡಿಗೆ ತೆಗೆಯುವ ಚಿತ್ರಗಳ ಸಂಖ್ಯೆಯನ್ನು ಇಳಿಸುತ್ತವೆ, ಹೆಚ್ಚಾದಾಗ ಏರಿಸುತ್ತವೆ. ಇಂಥ ಫೈಲು ಎಡಿಟಿಂಗಿನಲ್ಲಿ ಎತ್ತೆತ್ತಲೋ ಜಾರುತ್ತದೆ. ಫೈಲು ಸೇರಿಸುವಾಗ ಕೆಡೆನ್‌ಲೈವ್ ‘ವೇರಿಯಬಲ್ ಫ್ರೇಮ್ ರೇಟ್’ ಎಂದು ಎಚ್ಚರಿಸಿ, ಎಡಿಟಿಂಗಿಗೆ ಹೊಂದುವ ರೂಪಕ್ಕೆ ಬದಲಿಸಲೇ ಎಂದು ಕೇಳುತ್ತದೆ. ಹೊತ್ತು ಹಿಡಿಯುತ್ತದೆ, ಡಿಸ್ಕಿನಲ್ಲಿ ಜಾಗ ತಿನ್ನುತ್ತದೆ, ಆದರೂ ಹ್ಞೂಂ ಎನ್ನಿ. ಹ್ಯಾಂಡ್‌ಬ್ರೇಕ್ ತಂತ್ರಾಂಶದಲ್ಲಿ ‘ಕಾನ್‌ಸ್ಟಂಟ್ ಫ್ರೇಮ್‌ರೇಟ್’ ಆರಿಸಿ ಮಾಡಿಕೊಂಡರೂ ಆದೀತು. ಅರ್ಧದಷ್ಟು ಪ್ರಕರಣಗಳು ಇಲ್ಲೇ ಮುಗಿಯುತ್ತವೆ ಎಂಬುದು ನಮ್ಮ ಅಂದಾಜು.

ಉಳಿದ ಸರಿಯುವಿಕೆಗೆ ಅಳತೆ ತೆಗೆಯಿರಿ. ಶುರುವಿನಲ್ಲೊಂದು ಚಂಡೆಯ ಪೆಟ್ಟಿಗೆ ಎರಡನ್ನೂ ಕೂಡಿಸಿ, ಮೂರು ಗಂಟೆಯ ಹತ್ತಿರದ ಇನ್ನೊಂದು ಪೆಟ್ಟಿಗೆ ಹೋಗಿ ಮೊಬೈಲಿನ ಸದ್ದಿನ ಅಲೆಯನ್ನೂ ರೆಕಾರ್ಡರಿನ ಅಲೆಯನ್ನೂ ಹಿಗ್ಗಿಸಿ ನೋಡಿ. ಚಂಡೆಯ ಪೆಟ್ಟು ಅಲೆಯಲ್ಲಿ ಮೊಳೆಯಂತೆ ಎದ್ದು ಕಾಣುವುದರಿಂದ ಅಳೆಯುವುದು ಸುಲಭ. ಭಾಗವತರ ಆಲಾಪದಲ್ಲಿ ಇದನ್ನು ಮಾಡಲಾಗದು. ರೆಕಾರ್ಡರಿನ ಸದ್ದು 0.9 ಸೆಕೆಂಡ್ ಹಿಂದಿದೆ ಎನ್ನಿ. 10,800 ಸೆಕೆಂಡಿಗೆ 0.9 ಹೆಚ್ಚು, ಅಂದರೆ 10,800.9 ಭಾಗಿಸು 10,800: 1.0000833. ಟರ್ಮಿನಲ್ಲಿನ ‘ಸಾಕ್ಸ್’ ತಂತ್ರಾಂಶಕ್ಕೆ ಮೂಲ ಫೈಲು, ಹೊಸ ಫೈಲಿನ ಹೆಸರು, ಕೊನೆಗೆ ‘ಸ್ಪೀಡ್ 1.0000833’ ಎಂದು ಕೊಟ್ಟರೆ ಅಷ್ಟೇ ಬೇಗ ಓಡುವ ಹೊಸ ಫೈಲು ಸಿಗುತ್ತದೆ. ಶ್ರುತಿಯಲ್ಲಿ ಆಗುವ ವ್ಯತ್ಯಾಸ ಯಾವ ಕಿವಿಗೂ ಸಿಗುವಂಥದಲ್ಲ.

ಲೆಕ್ಕ ಬೇಡ ಎನ್ನುವವರು ಅರ್ಧ ಗಂಟೆಗೊಮ್ಮೆ, ವೇಷ ಒಳಗೆ ಹೋಗಿ ಸದ್ದು ತುಸು ತಗ್ಗುವ ಜಾಗ ನೋಡಿ ಆಡಿಯೋವನ್ನು ಕತ್ತರಿಸಿ ಮತ್ತೆ ಕೂಡಿಸಬಹುದು. ಮೊಬೈಲಿನ ಕ್ಲಿಪ್ಪಿನ ಮೇಲೆ ಬಲ ಒತ್ತಿ ‘ಸೆಟ್ ಆಡಿಯೋ ರೆಫರೆನ್ಸ್’, ರೆಕಾರ್ಡರಿನ ತುಂಡಿನ ಮೇಲೆ ‘ಅಲೈನ್ ಆಡಿಯೋ ಟು ರೆಫರೆನ್ಸ್’: ಕೆಡೆನ್‌ಲೈವ್ ತಾನೇ ಹೊಂದಿಸುತ್ತದೆ. ವ್ಯತ್ಯಾಸ ಗಂಟೆಗೆ ನಿಮಿಷಗಳ ಲೆಕ್ಕದಲ್ಲಿದ್ದು ಶ್ರುತಿಯೂ ಏರುಪೇರಾಗಿದ್ದರೆ ಇದ್ಯಾವುದೂ ಅಲ್ಲ; 44,100ರ ಫೈಲನ್ನು ಎಲ್ಲೋ 48,000 ಎಂದು ಓದಲಾಗಿದೆ.

ಪ್ರ: ಕಂಪ್ಯೂಟರನ್ನು ಎಚ್‌ಡಿಎಮ್‌ಐನಲ್ಲಿ ಟಿವಿಗೆ ಹಾಕಿ, ಸದ್ದನ್ನು ಕಂಪ್ಯೂಟರಿನ 3.5 ಮಿಲಿಮೀಟರ್ ಕಿಂಡಿಯಿಂದ ಸ್ಪೀಕರಿಗೆ ಕೊಟ್ಟಿದ್ದೇನೆ. ನನ್ನದು ಉಲ್ಟಾ: ಮಾತು ಮೊದಲು, ತುಟಿ ಆಮೇಲೆ.
— ಓದುಗರು, ಬೆಂಗಳೂರು

ಉ: ತಡವಾಗುತ್ತಿರುವುದು ಚಿತ್ರ. ಟಿವಿ ಪ್ರತಿ ಚಿತ್ರವನ್ನೂ ನಯಗೊಳಿಸಿ ತೋರಿಸುವುದರಿಂದ ಹೊತ್ತು ಹೋಗುತ್ತದೆ, ನಿಮ್ಮ ಸ್ಪೀಕರಿಗೆ ಅದು ಗೊತ್ತಿಲ್ಲ. ಟಿವಿಯ ಮೆನುವಿನಲ್ಲಿ ‘ಗೇಮ್ ಮೋಡ್’ ಹಚ್ಚಿ, ಅಥವಾ ಆ ಎಚ್‌ಡಿಎಮ್‌ಐ ಕಿಂಡಿಗೆ ‘ಪಿಸಿ’ ಎಂದು ಹೆಸರು ಕೊಡುವ ಅವಕಾಶ ಇದ್ದರೆ ಕೊಡಿ. ಮಿಕ್ಕ ಸಣ್ಣ ಅಂತರಕ್ಕೆ ವಿಎಲ್‌ಸಿಯಲ್ಲಿ ‘ಕೆ’ ಕೀ. ಮಾತು ಮುಂಚೆ ಬರುವುದನ್ನು ಕಿವಿ ಕ್ಷಮಿಸುವುದಿಲ್ಲ. ಮೇಲೆ ಹೇಳಿದ ಶಿಫಾರಸಿನಲ್ಲಿ ಹಿಂದೆ ಬೀಳಲು 125 ಮಿಲಿಸೆಕೆಂಡ್ ಇದ್ದರೆ ಮುಂದೆ ಬರಲು 45 ಮಾತ್ರ.

ಪ್ರ: ಮಿಂಟ್ 21, ಪಲ್ಸ್‌ಆಡಿಯೋ. ವೈನ್ ಮೂಲಕ ಆಡುವ ಹಳೇ ವಿಂಡೋಸ್ ಆಟಗಳಲ್ಲಿ ಮಾತ್ರ ಸದ್ದು ಹಿಂದೆ.
— ಓದುಗರು, ಹುಬ್ಬಳ್ಳಿ

ಉ: ಆಟ ಶುರುಮಾಡುವ ಆಜ್ಞೆಯ ಮುಂದೆ ‘ಪಲ್ಸ್_ಲೇಟೆನ್ಸಿ_ಎಂಸೆಕ್=60’ ಸೇರಿಸಿ. ಇದನ್ನು ಪೂರ್ತಿ ಇಂಗ್ಲಿಷ್ ದೊಡ್ಡಕ್ಷರದಲ್ಲೇ ಬರೆಯಬೇಕು. 60 ಸರಿಯಾದರೆ 40, 30 ಎಂದು ಇಳಿಸುತ್ತ ಬನ್ನಿ, ಸದ್ದು ಒಡೆಯತೊಡಗಿದಾಗ ಒಂದು ಹೆಜ್ಜೆ ಹಿಂದೆ ಬನ್ನಿ. ಎಲ್ಲ ತಂತ್ರಾಂಶಗಳಲ್ಲೂ ತಡ ಇದ್ದಿದ್ದರೆ /ಇಟಿಸಿ/ಪಲ್ಸ್/ಡೀಫಾಲ್ಟ್.ಪಿಎ ಫೈಲಿನ ‘ಲೋಡ್-ಮಾಡ್ಯೂಲ್ ಮಾಡ್ಯೂಲ್-ಯುಡೆವ್-ಡಿಟೆಕ್ಟ್’ ಸಾಲಿನ ತುದಿಗೆ ‘ಟಿಶೆಡ್=0’ (ಟಿ, ಎಸ್, ಸಿ, ಎಚ್, ಇ, ಡಿ) ಸೇರಿಸಬೇಕಿತ್ತು; ನಿಮಗೆ ಅದರ ಅಗತ್ಯ ಇಲ್ಲ.

ಪ್ರ: ವಿಂಡೋಸ್ ಒಳಗೆ ವರ್ಚುವಲ್‌ಬಾಕ್ಸ್‌ನಲ್ಲಿ ಉಬುಂಟು ಹಾಕಿದ್ದೇನೆ. ಸದ್ದು ತಡ. ಲಿನಕ್ಸ್ ಹೀಗೆಯೇ ಎಂದಾದರೆ ಪೂರ್ತಿ ಬದಲಾಗಲು ಹೆದರಿಕೆ.
— ಓದುಗರು, ತುಮಕೂರು

ಉ: ವರ್ಚುವಲ್ ಯಂತ್ರದಲ್ಲಿ ಸದ್ದು ಎರಡು ವ್ಯವಸ್ಥೆಗಳ ಬಫರ್ ದಾಟಬೇಕು. ಮೇಲಾಗಿ ತಾನು ವರ್ಚುವಲ್ ಯಂತ್ರದಲ್ಲಿದ್ದೇನೆ ಎಂದು ಗೊತ್ತಾದರೆ ಪೈಪ್‌ವೈರ್ ಸದ್ದು ಒಡೆಯದಿರಲೆಂದು ಬೇಕೆಂದೇ ದೊಡ್ಡ ಬಫರ್ ಇಡುತ್ತದೆ. ಅಲ್ಲಿ ನೋಡಿ ಲಿನಕ್ಸನ್ನು ಅಳೆಯಬೇಡಿ. ಉಬುಂಟುವನ್ನು ಪೆನ್‌ಡ್ರೈವಿಗೆ ಹಾಕಿ, ಯಂತ್ರವನ್ನು ಅದರಿಂದ ಶುರುಮಾಡಿ ‘ಟ್ರೈ ಉಬುಂಟು’ ಆರಿಸಿ. ಡಿಸ್ಕಿಗೆ ಏನೂ ಬರೆಯದೆ ನಿಮ್ಮ ನಿಜವಾದ ಸೌಂಡ್ ಕಾರ್ಡಿನಲ್ಲಿ ಹೇಗಿದೆ ಎಂದು ಕೇಳಬಹುದು.

ಪ್ರ: ಸದ್ದು ಸರಿಮಾಡಲು ಹೋಗಿ ಏನೇನೋ ಬದಲಿಸಿದ್ದೇನೆ. ಈಗ ಸದ್ದೇ ಇಲ್ಲ. ಮತ್ತೆ ಲಿನಕ್ಸ್ ಹಾಕಬೇಕೇ?
— ಓದುಗರು, ಹಾಸನ

ಉ: ಬೇಡ. ಫೈಲ್ ಮ್ಯಾನೇಜರಿನಲ್ಲಿ ನಿಮ್ಮ ಮನೆ ಕಡತಕೋಶ ತೆರೆದು ಕಂಟ್ರೋಲ್-ಎಚ್ ಒತ್ತಿದರೆ ಅಡಗಿದ ಕಡತಕೋಶಗಳು ಕಾಣುತ್ತವೆ. ‘.ಕಾನ್ಫಿಗ್’ ಒಳಗಿನ ‘ಪೈಪ್‌ವೈರ್’, ‘ವೈರ್‌ಪ್ಲಂಬರ್’, ‘ಪಲ್ಸ್’ ಇವುಗಳಲ್ಲಿ ಯಾವುದಿದ್ದರೂ ಹೆಸರಿನ ಮುಂದೆ ‘ಹಳೆ-’ ಎಂದು ಸೇರಿಸಿ. ಅಳಿಸಬೇಡಿ, ಅದರೊಳಗಿನ ಒಂದು ಸಾಲು ನಾಳೆ ಬೇಕಾಗಬಹುದು. ‘.ಲೋಕಲ್/ಸ್ಟೇಟ್’ ಒಳಗಿನ ‘ವೈರ್‌ಪ್ಲಂಬರ್’ಗೂ ಹಾಗೆಯೇ ಮಾಡಿ, ಯಾವ ಸಾಧನ, ಎಷ್ಟು ವಾಲ್ಯೂಮ್, ಎಷ್ಟು ಆಫ್‌ಸೆಟ್ ಎಂಬ ನೆನಪೆಲ್ಲ ಇರುವುದು ಅಲ್ಲಿ. ಲಾಗ್‌ಔಟ್ ಆಗಿ ಮತ್ತೆ ಲಾಗಿನ್ ಆಗಿ. ‘ಡಬ್ಲ್ಯುಪಿಸಿಟಿಎಲ್ ಸ್ಟೇಟಸ್’ ಕೊಟ್ಟಾಗ ‘ಸಿಂಕ್ಸ್’ ಪಟ್ಟಿಯಲ್ಲಿ ನಿಮ್ಮ ಸ್ಪೀಕರ್ ಕಂಡು, ಅದರ ಮುಂದೆ ನಕ್ಷತ್ರ ಚಿಹ್ನೆ ಇದ್ದರೆ ಸರಿಹೋಯಿತು. ‘ಡಮ್ಮಿ ಔಟ್‌ಪುಟ್’ ಎಂದಷ್ಟೇ ಕಂಡರೆ ನೀವು ಬದಲಿಸಿದ್ದು ಬಹುಶಃ /ಇಟಿಸಿ ಒಳಗೆ, /ಇಟಿಸಿ/ಮಾಡ್‌ಪ್ರೋಬ್.ಡಿ/ನಲ್ಲಿ ನೀವೇ ಸೇರಿಸಿದ ಫೈಲನ್ನು ಬೇರೆಡೆಗೆ ಸರಿಸಿ, ಯಂತ್ರವನ್ನು ಪೂರ್ತಿ ಆರಿಸಿ ಮತ್ತೆ ಹಚ್ಚಿ.